ಬಿಡಲ್ಪಡುವ ಮೆಮೊರಿ

ಇಂದು: ನಾನು ಇಂಗ್ಲಿಷ್ ತಿದ್ದಿ ಅಂದೆ. ನನ್ನ ಕೋಡ್ ತಿದ್ದಿ ಅನ್ನಲಿಲ್ಲ.

ಭೀಮರಾಜ್: ಇಂಗ್ಲಿಷೇ ಕಣೇ ಕೇಳ್ತಿರೋದು. ‘ದಿ ಮೆಮೊರಿ ಈಸ್ ಫ್ರೀಡ್’ ಅಂತೆ. ಮೆಮೊರಿ ಬಿಡಲ್ಪಡುತ್ತದೆ. ಯಾರಿಂದ? ಕರ್ತೃ ಎಲ್ಲಿ?

ಭೀಮರಾಜ್ ಬಾಣಾವರದಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು. ಭಾನುವಾರವೂ ಯಾರದಾದರೂ ತಪ್ಪು ತಿದ್ದದಿದ್ದರೆ ಅವನ ಕೈ ಕಡಿಯುತ್ತದೆ. ಹೆಂಡತಿಯ ಹೆಸರು ಇಂದು; ಅವಳು ಮನೆಯಿಂದಲೇ ಕರ್ನಲ್ ರಿಪೇರಿ ಮಾಡುವವಳು. ಕಂಪ್ಯೂಟರಿನೊಳಗೆ ಕೂತು ಯಾರಿಗೆ ಎಷ್ಟು ಮೆಮೊರಿ ಎಂದು ಹಂಚುವ ಯಜಮಾನನೇ ಈ ಕರ್ನಲ್. ಅವಳು ಇಂಗ್ಲಿಷ್ ವಿವರಣೆ ಸಮೇತ ಕಳಿಸಿದ್ದ ತಿದ್ದುಪಡಿಯನ್ನು ಕೋಡ್ ಪರಿಶೀಲಕರು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಅತ್ತ ಹಗರೆ ಕಡೆಯ ಡೈರಿಯೊಂದರಲ್ಲಿ ಹಾಲು ಪರೀಕ್ಷಿಸುವ ಯಂತ್ರ ಅವಳು ತಿದ್ದಲು ಹೊರಟಿದ್ದ ದೋಷದಿಂದಲೇ ದಿನಾ ನಿಂತುಹೋಗುತ್ತಿತ್ತು. ಅಲ್ಲಿಗೆ ಹಾಲು ಹಾಕುವ ಅವಳ ತಾಯಿ ರುದ್ರಮ್ಮ, ಜನರ ಬೈಗುಳವನ್ನು ಒಂದಕ್ಷರವೂ ಸೋರದಂತೆ ಫೋನಿನಲ್ಲಿ ತಲುಪಿಸುತ್ತಿದ್ದರು.

ಇಂದು: ಹಾಲು ಅಳೆಯೋ ಸೆನ್ಸರ್ ಸಿಗದಿದ್ರೆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ತಗೊಂಡ ಮೆಮೊರಿ ಮಾತ್ರ ವಾಪಸ್ ಕೊಡಲ್ಲ. ಹಿಂಗೇ ಆಗ್ತಾ ಆಗ್ತಾ ಜಾಗವೆಲ್ಲ ಮುಗಿದು ಮೆಷೀನ್ ಮಲಗುತ್ತೆ. ಅದಕ್ಕೇ ಬಿಟ್ಟುಕೊಡೋ ಸಾಲು ಸೇರಿಸಿದೆ.

ಭೀಮರಾಜ್: ಮತ್ಯಾಕೆ ವಾಪಸ್ ಕಳಿಸಿದ್ರು?

ಇಂದು: ಅವರು ಓಡಿಸಿ ನೋಡಿದ್ರೆ ಮೆಷೀನ್ ಈಗ ಮೊದಲಿಗಿಂತ ಬೇಗ ಸಾಯ್ತಿದೆಯಂತೆ.

ಭೀಮರಾಜ್: ಭೇಷ್! ಡಾಕ್ಟ್ರಮ್ಮನ ಕೈಗುಣ!

ಇಂದು: ರೀ, ಸುಮ್ನಿರ್ತೀರೋ ಇಲ್ವೋ?

ಭೀಮರಾಜ್: ಕರ್ತೃ ಹೇಳು, ಸುಮ್ನಾಗ್ತೀನಿ. ನಮ್ಮ ಹೆಡ್‌ಮೇಷ್ಟ್ರು ‘ಕಿಟಕಿ ಒಡೆಯಲ್ಪಟ್ಟಿದೆ’ ಅಂತ ಬರೀತಾರೆ. ಒಡೆದೋನು ಯಾರು ಅಂತ ಗೊತ್ತಿಲ್ಲ, ಅದಕ್ಕೆ.

ಇಂದು: ನಂಗೊತ್ತು! ನಾನು ತಿದ್ದಿರೋ ಕೋಡಿನ ತುಂಡು, ಈ ಫಂಕ್ಷನ್ನೇ ಬಿಡೋದು!

ಭೀಮರಾಜ್: ಬೇರೆ ಯಾರೂ ಬಿಡಲ್ವಾ?

ಇಂದು: ಬೇರೆ ಯಾರ್ರೀ ಬಿಡ್ತಾರೆ? ಇದನ್ನ ಕೆಲಸಕ್ಕೆ ಕರೆಯೋ ಇನ್ನೊಂದು ಫಂಕ್ಷನ್ ಇದೆ, ಅದು...

ಅವಳು ಮುಂದಕ್ಕೆ ಬಗ್ಗಿದಳು. ಬೆರಳು ಪರದೆಯ ಸಾಲುಗಳನ್ನು ಓಡಿಸತೊಡಗಿತು.

ಇಂದು: ಅಯ್ಯೋ! ಅದೂ ಬಿಡ್ತಿದೆ ರೀ! ಸೆನ್ಸರ್ ಸಿಗದಿದ್ರೆ ನಾನು ಬಿಡಬೇಕು, ಸರಿ. ಸಿಕ್ಕಿದ ಮೇಲೆ ಏನಾದ್ರೂ ಕೆಟ್ರೆ ಆ ಕರೆಯೋ ಫಂಕ್ಷನ್ನೇ ಬಿಡುತ್ತೆ. ನಾನು ಎರಡೂ ಕಡೆ ಬಿಟ್ಟಿದ್ದೀನಿ. ಬಿಟ್ಟಿದ್ದನ್ನೇ ಮತ್ತೆ ಬಿಟ್ರೆ ಸಾಯದೆ ಇನ್ನೇನಾಗುತ್ತೆ?

ಭೀಮರಾಜ್: (ಒಂದೂ ಅರ್ಥವಾಗದೆ, ಎದೆಯುಬ್ಬಿಸಿ) ನೋಡಿದ್ಯಾ? ವ್ಯಾಕರಣ!

ಇಂದು ಹೆಚ್ಚಾಗಿದ್ದ ಸಾಲನ್ನು ಕಿತ್ತುಹಾಕಿದಳು. ಪರೀಕ್ಷೆಗೆಂದು ಮೇಜಿನ ಮೇಲಿಟ್ಟುಕೊಂಡಿದ್ದ ಅಂಥದೇ ಯಂತ್ರದ ಸೆನ್ಸರಿನ ತಂತಿ ಎಳೆದಳು, ಸಿಕ್ಕಿಸಿದಳು, ಮತ್ತೆ ಎಳೆದಳು. ಯಂತ್ರ ಉಸಿರಾಡುತ್ತಲೇ ಇತ್ತು. ತಿದ್ದುಪಡಿಯ ಕೆಳಗೆ ‘ದೋಷ ತೋರಿಸಿದವರು: ಭೀಮರಾಜ್’ ಎಂದೂ ಸೇರಿಸಿದಳು. ಈ ಸಲ ಒಪ್ಪಿಗೆ ಸಿಕ್ಕಿತು. ಭೀಮರಾಜ್ ಅದನ್ನು ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರಿಗೂ ಬಿಡದೆ ತೋರಿಸಿದ. ಕೆಲವು ವಾರಗಳಲ್ಲಿ ಹೊಸ ಕೋಡ್ ಡೈರಿಗೂ ತಲುಪಿತು. ಬೆನ್ನಿಗೇ ರುದ್ರಮ್ಮನ ಫೋನೂ ಬಂತು. ಇಂದು ಸ್ಪೀಕರಿಗೆ ಹಾಕಿದಳು. ಭೀಮರಾಜ್ ಹೊಗಳಿಕೆ ಕೇಳಲು ಕುರ್ಚಿ ಹತ್ತಿರಕ್ಕೆಳೆದುಕೊಂಡ.

ರುದ್ರಮ್ಮ: ಯಾವ ಬೇವಾರ್ಸಿ ಕಣೇ ಆ ಮೆಷೀನ್ ಸರಿ ಮಾಡ್ದೋನು? ಕೆಟ್ಟು ನಿಂತಿದ್ದಾಗ ಹಂಗೇ ಅಳ್ದು ತಗೋತಿದ್ರು. ಈಗ ಒಂದ್ ಲೋಟ ನೀರ್ ಸೇರಿದ್ರೂ ಊರಿಗೆಲ್ಲ ಹೇಳ್ತೈತೆ! ಅವ್ನ ಕೈ ಸೇದೋಗ!

ಇಂದು: (ಫೋನನ್ನು ಗಂಡನ ಕೈಗೆ ತುರುಕುತ್ತಾ) ಇಲ್ಲೇ ಇದ್ದಾರೆ ಕಣಮ್ಮ, ಮಾತಾಡು.