ಮಳೆ ಹೇಳುವ ಬಾಯಿಬಡುಕ

ಫೋನು ತನ್ನ ಬೆನ್ನು ಹತ್ತಿದೆ ಎಂಬ ಅನುಮಾನ ಮೆತೋದಿಯಾನಿಗೆ ಮೊದಲು ಬಂದದ್ದು ಕಕ್ಕಸಿನಲ್ಲಿ. (ಅವನ ದೊಡ್ಡ ದೊಡ್ಡ ಅನುಮಾನಗಳೆಲ್ಲ ಹುಟ್ಟುವುದು ಅಲ್ಲೇ.) ಶನಿವಾರ ಮಳೆ ಬಂದೀತೇ ನೋಡೋಣವೆಂದು ಹವಾಮಾನದ ಆ್ಯಪ್ ತೆರೆದರೆ, ಮೋಡಕ್ಕಿಂತ ಮುಂಚೆ ಜಾಹೀರಾತೊಂದು ಬಂದು ವಕ್ಕರಿಸಿತು: 'ಐವಾರ್ ತೊಳಸಲು ಬೇಜಾರೇ? ನಾವು ತೊಳಸಿ ಕೊಡುತ್ತೇವೆ. ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ!'

ಮೆತೋದಿಯಾ, ಸ್ತ್ರುಮಿತ್ಸಾ ಎಂಬ ಊರಿನಲ್ಲಿ ಕರೆಂಟು ಕದಿಯುವವರನ್ನು ಹಿಡಿಯುವ ಇನ್ಸ್‌ಪೆಕ್ಟರು. ಊರವರನ್ನೆಲ್ಲ ಅನುಮಾನಿಸುವುದಕ್ಕೇ ಸಂಬಳ ತೆಗೆದುಕೊಳ್ಳುವವನು. ತನ್ನನ್ನೇ ಇನ್ನೊಬ್ಬರು ಅನುಮಾನಿಸುವುದು ಅವನಿಗೆ ಅಭ್ಯಾಸವಿರಲಿಲ್ಲ.

ವಿಷಯ ಏನೆಂದರೆ, ಅಕ್ಟೋಬರ್ ಬಂತೆಂದರೆ ಅಲ್ಲಿ ಪ್ರತಿ ಸಂಸಾರವೂ ಮೂಟೆಗಟ್ಟಲೆ ಕೆಂಪು ದಪ್ಪಮೆಣಸಿನಕಾಯಿ ತಂದು, ಸುಟ್ಟು, ಸುಲಿದು, ಅರೆದು, ಎಣ್ಣೆಯಲ್ಲಿ ತೋಳು ಬಿದ್ದುಹೋಗುವಷ್ಟು ಹೊತ್ತು ತೊಳಸಿ, ಚಳಿಗಾಲಕ್ಕೆ ಐವಾರ್ ಎಂಬ ಗೊಜ್ಜು ಮಾಡಿ ಜಾಡಿ ತುಂಬಬೇಕು. ಕೊಂಡು ತಿನ್ನುವವನನ್ನು ಯಾರೂ ಗಂಡಸರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಂಡತಿ ಬ್ಲಾಗಿತ್ಸಾಳ ಕಣ್ಣಿಗೆ ಹೊಗೆ ಆಗದು. ಹಾಗಾಗಿ ಮೆತೋದಿಯಾ ಒಬ್ಬನೇ ಮೂಟೆ ಹೊತ್ತು ಊರಾಚೆಯ ದ್ರಾಕ್ಷಿತೋಟಕ್ಕೆ ಹೋಗಿ, ದಿನವಿಡೀ ಸೌದೆ ಒಲೆಯೆದುರು ಬೆಂದು, ಮುಖವೆಲ್ಲ ಮಸಿಯಾಗಿ ಸಂಜೆಗೆ ಜಾಡಿಗಳ ಜೊತೆ ಮರಳುತ್ತಿದ್ದ. "ನನ್ನ ಗಂಡ ಬಂಗಾರ" ಎಂದು ಬ್ಲಾಗಿತ್ಸಾ ಇಡೀ ಅಪಾರ್ಟ್‌ಮೆಂಟಿಗೆ ಸಾರಿದ್ದಳು. ಅಲ್ಲಿನ ಉಳಿದ ಗಂಡಂದಿರಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ.

ಸತ್ಯಸಂಗತಿ ಬೇರೆ. ಮೂಟೆ ತೋಟದವರೆಗೆ ಹೋಗುತ್ತಲೇ ಇರಲಿಲ್ಲ. ದಾರಿಯಲ್ಲಿ ಪಾವ್ಲಿನಾ ಅತ್ತೆಯ ಹಿತ್ತಲಲ್ಲೇ ಇಳಿಯುತ್ತಿತ್ತು. ಕೂಲಿಗೆ ಐವಾರ್ ಮಾಡಿಕೊಡುವ ಮುದುಕಿ ಆಕೆ. ಅವಳು ತೊಳಸುತ್ತಿದ್ದಳು, ಇವನು ಎದುರಿನ ಕಾಫಿ ಅಂಗಡಿಯಲ್ಲಿ ಗೆಳೆಯ ಓರ್ದಾನನ ಜೊತೆ ದಾಳ ಉರುಳಿಸುತ್ತಿದ್ದ. ಮಸಿಯೊಂದು ಮಾತ್ರ ಅವನ ಸ್ವಂತ ಕೈಕೆಲಸ.

"ನನ್ನ ಗುಟ್ಟು ಇದಕ್ಕೆ ಹೆಂಗೆ ಗೊತ್ತಾಯ್ತೋ ಮಾರಾಯ?" ಎಂದು ಅಂದೇ ಕಾಫಿ ಅಂಗಡಿಯಲ್ಲಿ ಓರ್ದಾನನ ಕಿವಿಯಲ್ಲಿ ಪಿಸುಗುಟ್ಟಿದ.

"ಪುಕ್ಕಟೆ ಆ್ಯಪ್ ಅಲ್ವೇನೋ? ಎಲ್ಲಿ ಹೋಗ್ತೀಯ, ಎಷ್ಟು ಹೊತ್ತು ಕೂರ್ತೀಯ, ಎಲ್ಲ ನೋಡ್ಕೊಂಡು ಜಾಹೀರಾತಿನೋರಿಗೆ ಚಾಡಿ ಹೇಳುತ್ತೆ."

"ಬ್ಲಾಗಿತ್ಸಾ ಫೋನಲ್ಲೂ ಇದೇ ಇದೆ ಕಣೋ! ಅವಳಿಗೂ ಹೇಳಿಬಿಟ್ರೆ?"

"ದುಡ್ಡು ಕಟ್ಟು, ಬಾಯಿ ಮುಚ್ಕೊಳ್ಳುತ್ತೆ."

"ಲಂಚ ಅನ್ನು."

"ಏನಾದ್ರೂ ಅನ್ಕೋ. ದಾಳ ಹಾಕು."

(ಅದೇ ಜಾಹೀರಾತು ಓರ್ದಾನನಿಗೂ ಬಂದಿತ್ತು, ಊರಿಗೆಲ್ಲ ಬಂದಿತ್ತು. ಆದರೆ ಓರ್ದಾನ ಮದುವೆಯಾಗದ ಪುಣ್ಯವಂತ, ಅವನಿಗೆ ಹೆದರಿಕೆಯಾಗಲು ಕಾರಣವೇ ಇರಲಿಲ್ಲ.)

ಮನೆಗೆ ಬಂದವನೇ ಹೆಂಡತಿಯ ಫೋನಿಗೆ ಕೈಹಾಕಿದ.

"ಮಳೆ ನೋಡೋಕೆ ದುಡ್ಡಾ?" ಎಂದಳು ಬ್ಲಾಗಿತ್ಸಾ. "ಕಿಟಕಿ ತೆಗೆದ್ರೆ ಪುಕ್ಕಟೆ ಕಾಣುತ್ತಲ್ಲ, ಮೆತೋ."

"ನಿನಗೆ ಗೊತ್ತಾಗಲ್ಲ ಕಣೇ. ಪುಕ್ಕಟೆ ಕೊಡೋರು ನಮ್ಮ ಮೇಲೆ ಕಣ್ಣಿಡ್ತಾರೆ."

"ನನ್ನ ಮೇಲೆ ಕಣ್ಣಿಟ್ರೆ ಅವರಿಗೇ ತೂಕಡಿಕೆ ಬರುತ್ತೆ. ನಿನಗ್ಯಾಕೆ ಇಷ್ಟು ಗಾಬರಿ?"

"ಅದು... ತತ್ತ್ವದ ಪ್ರಶ್ನೆ!"

ಒಬ್ಬರಿಗೆ ಒಂದು ದರ, ಇಡೀ ಕುಟುಂಬಕ್ಕೆ ಇನ್ನೊಂದು. ತನ್ನ ಫೋನಿನ ಬಾಯಿ ಕಟ್ಟಿ ಅವಳದ್ದನ್ನು ಬಿಟ್ಟರೆ ಏನು ಬಂತು? ಕುಟುಂಬದ್ದನ್ನೇ ಆರಿಸಿ, ಇಡೀ ವರ್ಷಕ್ಕೆ ಕಟ್ಟಿದ. ಅದು ಹೆಸರು ಕೇಳಿತು, ಹುಟ್ಟಿದ ದಿನ ಕೇಳಿತು, ಹೆಂಡತಿ ಯಾರೆಂದು ಕೇಳಿತು. ಪುಕ್ಕಟೆಯದ್ದು ಇಷ್ಟೆಲ್ಲ ಕೇಳಿರಲಿಲ್ಲವಲ್ಲ ಎಂದು ಅನುಮಾನ ತಲೆಯೆತ್ತಿದರೂ, ಆಮೇಲೆ ಬಂದದ್ದಕ್ಕೆಲ್ಲ ಓದದೆ 'ಒಪ್ಪಿದೆ' ಎಂದು ಒತ್ತಿದ. ಜಾಹೀರಾತು ಮಾಯವಾಯಿತು. ಆ ರಾತ್ರಿ ಅವನಿಗೆ ಗಾಢನಿದ್ರೆ.

ಶನಿವಾರ ಮೂಟೆ ಪಾವ್ಲಿನಾ ಅತ್ತೆಯ ಹಿತ್ತಲಲ್ಲಿ ಇಳಿಯಿತು, ದಾಳ ಉರುಳಿತು, ಅದೃಷ್ಟವೂ ಮೆತೋದಿಯಾನ ಕಡೆಗೇ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ಬ್ಲಾಗಿತ್ಸಾ ಕಂಡಳು! ಒಂದು ಕೈಯಲ್ಲಿ ಅವನ ರೇನ್‌ಕೋಟು, ಇನ್ನೊಂದರಲ್ಲಿ ಒಲೆಗೆ ಹೊದಿಸಲು ಟಾರ್ಪಾಲು. ಓಡಿ ಬಂದದ್ದಕ್ಕೆ ಏದುಸಿರು.

"ಮೆತೋ! ನಿನಗೇನೂ ಆಗಿಲ್ಲ ತಾನೇ?"

"ನೀನು... ಇಲ್ಲಿಗೆ ಹೇಗೆ?"

ಅವಳು ಫೋನು ತೋರಿಸಿದಳು. ದುಡ್ಡು ಕಟ್ಟಿದ ಕುಟುಂಬಗಳಿಗೆ ಆ್ಯಪಿನವರ ವಿಶೇಷ ಸೇವೆ: ಮನೆಮಂದಿ ಯಾರು ಎಲ್ಲಿದ್ದಾರೋ ಅಲ್ಲಿನ ಮಳೆಯ ಮುನ್ಸೂಚನೆ. 'ನಿಮ್ಮ ಮೆತೋದಿಯಾ ಇರುವಲ್ಲಿ ಸ್ವಲ್ಪ ಹೊತ್ತಿನಲ್ಲೇ ಜೋರು ಮಳೆ' ಎಂದು ಬರೆದಿತ್ತು. ಕೆಳಗೆ ನಕ್ಷೆ, ನಕ್ಷೆಯಲ್ಲೊಂದು ಚುಕ್ಕಿ, ಆ ಚುಕ್ಕಿ ಕೂತಿದ್ದು ಕಾಫಿ ಅಂಗಡಿಯ ಮೇಲೆ.

"ಚುಕ್ಕಿ ತೋಟದಲ್ಲಿರಲಿಲ್ಲ. ಸುಟ್ಕೊಂಡು ಆಸ್ಪತ್ರೆಗೆ ಹೊರಟೆಯೇನೋ ಅಂತ ಜೀವ ಬಾಯಿಗೆ ಬಂತು" ಎಂದಳು. ಆಗ ಅವಳ ಕಣ್ಣು ದಾಳದ ಮೇಲೆ ಬಿತ್ತು. "ಮೆಣಸಿನಕಾಯಿ ಎಲ್ಲಿ?"

ಓರ್ದಾನ, ಆ ದ್ರೋಹಿ, ಎದುರು ಹಿತ್ತಲ ಕಡೆ ಗದ್ದ ಎತ್ತಿ ತೋರಿಸಿದ.

ಪಾವ್ಲಿನಾ ಅತ್ತೆ ಏನನ್ನೂ ಮುಚ್ಚಿಡಲಿಲ್ಲ. "ನಿನ್ನ ಗಂಡಾನಾ? ಒಳ್ಳೇ ಗಿರಾಕಿ ಕಣಮ್ಮ. ಮಸಿಗೆ ಬೇರೆ ಕಾಸು ಕೊಡ್ತಾನೆ."

ಬ್ಲಾಗಿತ್ಸಾ ಕೂಗಾಡಲಿಲ್ಲ. ಮೆತೋದಿಯಾನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಅವಳು ಟಾರ್ಪಾಲು ಕಟ್ಟಿಸಿದಳು, ಗಂಡನನ್ನು ಅದರ ಕೆಳಗೆ ಕೂರಿಸಿದಳು, ಮುದುಕಿಯ ಕೈಯಿಂದ ಉದ್ದನೆಯ ಸೌಟು ತೆಗೆದು ಅವನ ಕೈಗಿತ್ತಳು.

"ತೊಳಸು. ಅಪಾರ್ಟ್‌ಮೆಂಟಿನೋರಿಗೆ ನಾನು ಹೇಳಲ್ಲ, ನಂಗೂ ಮರ್ಯಾದೆ ಇದೆ. ನಾನು ಮನೆಗೆ ಹೋಗಿ ಮಲಗ್ತೀನಿ. ಚುಕ್ಕಿ ಕದಲಿದ್ರೆ ಮಾತ್ರ ನೋಡ್ಕೋ."

"ಆ ಹಾಳು ಆ್ಯಪ್ ಕಿತ್ತು ಬಿಸಾಕೋಣ ಕಣೇ. ಜಾಹೀರಾತು ಬಂದ್ರೆ ಬರಲಿ!" ಎಂದು ಅಂಗಲಾಚಿದ.

"ಛೆ ಛೆ," ಎಂದಳು ಬ್ಲಾಗಿತ್ಸಾ, ಫೋನನ್ನು ಜೋಪಾನವಾಗಿ ಚೀಲಕ್ಕೆ ಸೇರಿಸುತ್ತಾ. "ವರ್ಷಕ್ಕೆ ಕಟ್ಟಿದೀಯಲ್ಲ, ಮೆತೋ. ದುಡ್ಡು ದಂಡ ಮಾಡೋಕಾಗುತ್ತಾ?"