ಮೂರನೆಯ ಕಾರಣ

ಬಸಣ್ಣ ಕಾಕಾನ ಕಾರಿನಲ್ಲಿ ಕೂತು ದಾಕ್ಷಾಯಿಣಿ ತನ್ನ ಪಾಠದ ವಿಷಯ ಹೇಳಬಾರದಿತ್ತು.

ಹನ್ನೊಂದು ವರ್ಷದಿಂದ ಧಾರವಾಡದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಉಳಿದಿದ್ದ ಅವಳಿಗೆ ಕೊನೆಗೂ ಬೆಂಗಳೂರಿನಿಂದ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿತ್ತು. ಮಧ್ಯಾಹ್ನ ಎರಡಕ್ಕೆ ಅಲ್ಲಿ ಮಾದರಿ ಪಾಠ. ಪತ್ರ ಕೈಸೇರಿದ್ದೇ ಹಿಂದಿನ ಸಂಜೆ; ರಾತ್ರಿಯ ರೈಲು, ಬಸ್ಸುಗಳಲ್ಲಿ ಸೀಟು ಸಿಗದೆ ವಿಮಾನವೇ ಗತಿಯಾಯಿತು. ಕಮರಿಪೇಟೆಯ ಮನೆಯಿಂದ ವಿಮಾನ ನಿಲ್ದಾಣಕ್ಕೆ ಬಿಟ್ಟುಬರಲು, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಕಾಕಾ ತಮ್ಮ ಹಳೆಯ ಕಾರು ತೆಗೆದರು. ಆ ಕಾರನ್ನು ಬಿಚ್ಚಿ, ಕಟ್ಟಿ, ಜೀವ ಹಿಡಿಸಿಟ್ಟಿದ್ದ ಪಕ್ಕದ ಗ್ಯಾರೇಜಿನ ಖಾದರಬಾಷಾ ಕೂಡ ಮುಂದೆ ಹತ್ತಿ ಕೂತರು.

"ಏನ್ ಪಾಠಾ ಮಾಡಾಕಿ ಅವ್ವಿ?"

"ವಿಮಾನ ಬಿದ್ರ ತಪ್ಪು ಪೈಲಟ್‌ದೋ, ವಿಮಾನದ ವಿನ್ಯಾಸದ್ದೋ ಅಂತ ಕಾಕಾ."

ಕಾಕಾ ಒಲೆಯ ಮೇಲಿನ ಹಾಲಿನಂತೆ ಉಕ್ಕಿದರು. "ಅದ್ರಾಗ ಕೇಳೂದೇನೈತಿ? ಕೆಟ್ಟಿದ್ದು ಮಷಿನ್, ಸತ್ತಾಂವ ಡ್ರೈವರ್. ಸತ್ತಾಂವ ಉತ್ತರಾ ಕೊಡಂಗಿಲ್ಲಂತ ಎಲ್ಲಾ ಅವನ ತಲಿಗೆ ಕಟ್ತಾರ!"

"ಹಂಗಲ್ರಿ ಬಸಣ್ಣಾರ," ಅಂದರು ಖಾದರಬಾಷಾ. "ಮಷಿನ್ ಗರೀಬ ಇರ್ತೈತ್ರಿ. ಮಾಡಿದಾಂವ ಹತ್ತು ಸಲ ನೋಡಿ ಮಾಡಿರ್ತಾನ. ಓಡ್ಸಾಂವ ಒಂದ ಸಲ ಅಡ್ಡಾದಿಡ್ಡಿ ತಿರುವತಾನ."

"ನನಗ ಅಂತೀಯೇನಲೇ?"

"ನಿಮಗ್ಯಾಕ ಅನ್ಲಿ? ಜಗತ್ತಿಗೆ ಅಂದೆ."

ಗೋಕುಲ ರಸ್ತೆಗೆ ಬರುವಷ್ಟರಲ್ಲಿ ಕಾಕಾ, ಜಗತ್ತಿನ ಎಲ್ಲ ಡ್ರೈವರುಗಳ ಪರವಾಗಿ ಆಣೆ ಮಾಡಲು ಸ್ಟೇರಿಂಗಿನಿಂದ ಎರಡೂ ಕೈ ಎತ್ತಿದರು.

"ಕಾಕಾ, ಮುಂದ ನೋಡ್ರಿ!" ದಾಕ್ಷಾಯಿಣಿ ಚೀರಿದಳು.

"ಏನಂದಿ?" ಎಂದು ಕಾಕಾ ಹಿಂದೆ ತಿರುಗಿದರು. ಎಮ್ಮೆ ಕೆಸರಿಗೆ ಇಳಿಯುವಷ್ಟೇ ಸಮಾಧಾನದಿಂದ ಕಾರು ರಸ್ತೆಬದಿಯ ಉಸುಕಿನ ರಾಶಿಗೆ ಇಳಿದು ಕೂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವಳ ಪ್ರಮಾಣಪತ್ರಗಳ ಚೀಲ ಡಿಕ್ಕಿಯಲ್ಲಿತ್ತು. ಡಿಕ್ಕಿ ತೆರೆಯಲು ಖಾದರಬಾಷಾ ಜೋಡಿಸಿದ್ದ ಹಗ್ಗವನ್ನು ಕಾಕಾ ಜಗ್ಗಿದರು. ಹಗ್ಗ ಕೈಗೆ ಬಂತು, ಡಿಕ್ಕಿ ಅಲ್ಲಾಡಲಿಲ್ಲ.

"ನೋಡಲೇ, ನಿನ್ನ ಡಿಸೈನ್!"

"ಎತ್ತಿನ ಮೂಗುದಾಣ ಜಗ್ಗಿದಂಗ ಜಗ್ಗಿದ್ರ ಇನ್ನೇನಾಗ್ಬೇಕ್ರಿ?"

"ಬ್ರೇಕ್ ಒತ್ತಿದೆ, ಹತ್ಲಿಲ್ಲ!"

"ಒತ್ತಿದ್ದು ಕ್ಲಚ್ ರೀ, ನಾ ನೋಡೇನಿ!"

ದಾಕ್ಷಾಯಿಣಿ ಗಡಿಯಾರ ನೋಡಿಕೊಂಡಳು. "ಟೈಮ್ ಆತ್ರಿ ಕಾಕಾ. ಗೇಟ್ ಮುಚ್ಚತಾರ. ಮೊದಲ ಡಿಕ್ಕಿ ತೆಗೀರಿ!"

"ತಡಿ ಅವ್ವಿ, ಮೊದಲ ತಪ್ಪು ಯಾರದಂತ ಗೊತ್ತಾಗ್ಲಿ," ಅಂದರು ಇಬ್ಬರೂ. ಬೆಳಗಿನಿಂದ ಅವರು ಒಪ್ಪಿದ ಮಾತು ಅದೊಂದೇ.

ಎದುರಿನ ಚಹಾದಂಗಡಿಯ ಹನುಮವ್ವ, ಯಾರೂ ಕರೆಯದಿದ್ದರೂ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ವಿಚಾರಣೆಗೆ ಬಂದು ನಿಂತಳು. "ಉಸುಕಿಗೆ ಬೀಳೂಕಿಂತಾ ಮೊದಲ ಏನಾತು, ಅದನ್ನ ಹೇಳ್ರಿ."

"ಗಾಡಿ ಛಲೋ ಓಡಾಕತ್ತಿತ್ತು," ಅಂದರು ಖಾದರಬಾಷಾ.

"ನಾನೂ ಛಲೋನ ಓಡ್ಸಾಕತ್ತಿದ್ದೆ," ಅಂದರು ಕಾಕಾ. "ಆಮ್ಯಾಲ... ಈಕಿ ಚೀರಿದ್ಲು."

"ಹೌದ್ ನೋಡ್ರಿ! ಈಕಿ ಚೀರಿದ್ಲು!"

"ಅಷ್ಟ ಮತ್ತ," ಹನುಮವ್ವ ತೀರ್ಪು ಕೊಟ್ಟಳು. "ಅದಕ್ಕ ವಿಮಾನದಾಗ ಮಂದೀನ್ನ ಪೈಲಟ್ ಕೋಣ್ಯಾಗ ಬಿಡಂಗಿಲ್ಲ."

ಕಾಕಾ ಖಾದರಬಾಷಾರ ಹೆಗಲ ಮೇಲೆ ಕೈ ಹಾಕಿದರು. ಖಾದರಬಾಷಾ ನಾಲ್ಕು ಚಹಾ ಹೇಳಿದರು. ಚಹಾ ಬರುವಷ್ಟರಲ್ಲಿ ತಲೆಯ ಮೇಲೆ ವಿಮಾನ ಗುಡುಗುತ್ತ ಏರಿತು. ಇಬ್ಬರೂ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಎಂಥಾ ಪೈಲಟ್ ನೋಡಲೇ!"

"ಎಂಥಾ ಮಷಿನ್ ನೋಡ್ರಿ!"

ದಾಕ್ಷಾಯಿಣಿಯ ಖಾಲಿ ಸೀಟು ಬೆಂಗಳೂರಿಗೆ ಹೋಯಿತು.

ಅವಳು ಬೆಂಗಳೂರಿನ ಕಾಲೇಜಿಗೆ ಫೋನು ಹಚ್ಚಿದಳು. "ಯಾಕೆ ಬರೋಕಾಗಲ್ಲ ಮೇಡಂ? ಕಾರಣ ಏನಂತ ಬರ್ಕೊಳ್ಲಿ?" ಎಂದಿತು ಅತ್ತಲಿನ ದನಿ. ಅವಳು ಉಸುಕಿನಲ್ಲಿ ಕೂತ ಕಾರನ್ನೂ ಚಹಾ ಹೀರುತ್ತಿದ್ದ ಇಬ್ಬರನ್ನೂ ನೋಡಿದಳು.

ಕಾಕಾ ಮರುಕದಿಂದ ಅವಳ ತಲೆ ಸವರಿ, ಮೆಲ್ಲಗೆ ಹೇಳಿದರು: "ಇದ್ದದ್ದು ಇದ್ದಂಗ ಹೇಳಿಬಿಡು ಅವ್ವಿ. ಮನಷ್ಯಾ ಅಂದ ಮ್ಯಾಲ ತಪ್ಪು ಆಗತೈತಿ. ನಾವಂತೂ ನಿನ್ನ ಮ್ಯಾಲ ಸಿಟ್ಟ ಇಟ್ಕೊಳ್ಳಂಗಿಲ್ಲ."