ಹಂಡೆಯಲ್ಲಿ ಹಿಂದೂ ಮಹಾಸಾಗರ

ಹದಿನಾಲ್ಕು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ಒಂದು ಮೀನಿನ ತೊಟ್ಟಿ ಬದಲಾಯಿಸಲಾರನೇ? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಂಡು, ನಾನೇ ಎದೆ ತಟ್ಟಿ "ಯಾಕಾಗಲ್ಲ!" ಎಂದು ಉತ್ತರವನ್ನೂ ಕೊಟ್ಟುಕೊಂಡೆ. ಎಲ್ಲ ಅನರ್ಥಕ್ಕೂ ಅದೇ ಮೂಲ.

ತೊಟ್ಟಿ ಎಂದರೆ ಗೋಲ್ಡ್‌ ಫಿಶ್‌ ಬಾಯಿ ಬಿಡುವ ಗಾಜಿನ ಬಟ್ಟಲೆಂದು ತಿಳಿಯಬೇಡಿ. ಗವಿಪುರದ ನಮ್ಮ ಹಳೇ ಮನೆಯ ನಡುಮನೆಯಲ್ಲಿ, ಕಡಲಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ನಾಲ್ಕು ವರ್ಷದಿಂದ ನಾನೊಂದು ಸಮುದ್ರ ಸಾಕಿದ್ದೆ! ಉಪ್ಪುನೀರು, ಜೀವಂತ ಹವಳ, ಹೂವಿನಂತೆ ಅರಳಿ ಮುಚ್ಚುವ ಅನಿಮೋನ್ ಎಂಬ ಒಂದು ಕಡಲಜೀವಿ, ಅದರ ಬಾಗಿಲು ಕಾಯುವ ಎರಡು ಕಿತ್ತಳೆ ಮೀನು. ಅವಕ್ಕೆ ಜಯ, ವಿಜಯ ಎಂದು ಹೆಸರಿಟ್ಟವಳು ನನ್ನ ಹೆಂಡತಿ ಮಧುರಾ. ನನ್ನೊಡನೆ ದಿನಕ್ಕೆ ಹತ್ತು ಮಾತಾಡಿದರೆ ಅವುಗಳೊಡನೆ ಇಪ್ಪತ್ತು ಆಡುತ್ತಾಳೆ. ಕಾರಣ ಕೇಳಿದರೆ, "ಅವು ಪಾಠ ಮಾಡಲ್ಲ" ಎನ್ನುತ್ತಾಳೆ.

2004ರ ದೀಪಾವಳಿಗೆ ನಾಲ್ಕಡಿಯ ಹೊಸ ತೊಟ್ಟಿ ಬಂತು. ಮೀನಿನಂಗಡಿಯ ಕೆಂಚಪ್ಪ, "ಹಬ್ಬ ಮುಗೀಲಿ ಸಾರ್, ನಾನೇ ಬಂದು ಶಿಫ್ಟ್ ಮಾಡ್ಕೊಡ್ತೀನಿ" ಎಂದ.

"ಏನ್ರೀ ಕೆಂಚಪ್ಪ, ನಾನು ಕೆಮಿಸ್ಟ್ರಿ ಲೆಕ್ಚರರು!"

"ಅದಕ್ಕೇ ಸಾರ್ ಭಯ."

ನಾನು ಕೆಮಿಸ್ಟ್ರಿ ಲೆಕ್ಚರರು ಎಂಬ ಸಂಗತಿಯನ್ನು ನನಗಿಂತ ಹೆಚ್ಚು ಸಾರುವವರು ನನ್ನ ಮಾವ ಶ್ರೀನಿವಾಸಯ್ಯನವರು. ನಿವೃತ್ತ ಪೋಸ್ಟ್‌ಮಾಸ್ಟರು. ಹಬ್ಬಕ್ಕೆಂದು ಕೋಲಾರದಿಂದ ಬಂದವರು, ಕಲಾಸಿಪಾಳ್ಯದಲ್ಲಿ ಹತ್ತಿದ ಆಟೋದವನಿಗೂ "ನಮ್ಮಳಿಯಂದ್ರು ಕೆಮಿಸ್ಟ್ರಿ ಲೆಕ್ಚರರು" ಎಂದು ಹೇಳಿಯೇ ಇಳಿದರು. ಅವರು ಬಂದದ್ದು ನಮಗಾಗಿ ಅಲ್ಲ, ನಮ್ಮ ಬಚ್ಚಲಿನ ಹಂಡೆಗಾಗಿ. ಗೀಸರ್ ನೀರಿನಲ್ಲಿ ಎಣ್ಣೆಸ್ನಾನ ಮಾಡಿದರೆ ಮಾಡಿದ ಹಾಗೇ ಆಗುವುದಿಲ್ಲ ಎಂಬುದು ಅವರ ಸಿದ್ಧಾಂತ.

ನಾನು ಕಾರ್ಯಾಚರಣೆಗೆ ಇಳಿದದ್ದು ಹಬ್ಬದ ಹಿಂದಿನ ದಿನ. ಅಂದರೆ ನೀರು ತುಂಬುವ ಹಬ್ಬ! ಮಧುರಾ ಬೆಳಗ್ಗೆಯೇ ಎಚ್ಚರಿಸಿದಳು.

"ನಿಮ್ಮ ಸಮುದ್ರ ಏನಾದ್ರೂ ಮಾಡ್ಕೊಳ್ಳಿ. ಸಂಜೆಯೊಳಗೆ ಹಂಡೆ ತುಂಬ್ಸೋದು ನಿಮ್ಮ ಕೆಲಸ. ಎರಡ್ನೇ ಸಲ ಹೇಳಲ್ಲ."

"ಆಯ್ತು ಮಾರಾಯ್ತಿ!"

ಕೆಲಸ ಅಮೋಘವಾಗಿ ಶುರುವಾಯಿತು. ಜಯ, ವಿಜಯ, ಅನಿಮೋನ್, ಹವಳ, ಕಲ್ಲು ಎಲ್ಲವನ್ನೂ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಳೇ ನೀರು ತುಂಬಿ ಇಳಿಸಿ, ಗಾಳಿಯ ಪಂಪು ಹಚ್ಚಿದೆ. ಹೊಸ ತೊಟ್ಟಿಯಲ್ಲಿ ಹೊಸ ಉಪ್ಪುನೀರು ಕಲಸಿಟ್ಟೆ. ಅದು ಬೆಳಗಿನೊಳಗೆ ತಿಳಿಯಾಗಬೇಕು. ಹಳೇ ತೊಟ್ಟಿಯಲ್ಲಿ ಇನ್ನೂ ಐದಾರು ಕೊಡ ನೀರು ಉಳಿದಿತ್ತು. ನಾಲ್ಕು ವರ್ಷ ಮಾಗಿದ ನೀರು! ಅದನ್ನು ಹೊಸದಕ್ಕೆ ಬೆರೆಸಬೇಕೆಂದು ನನ್ನ ಘನ ಯೋಜನೆ. ಆದರೆ ಹಬ್ಬಕ್ಕೆ ನಡುಮನೆ ತೆರವು ಮಾಡಲು ಹಳೇ ತೊಟ್ಟಿಯನ್ನು ಅಂದೇ ಬರಿದು ಮಾಡಿ ಹೊರಗಿಡಬೇಕು. ನೀರನ್ನು ಎಲ್ಲಿಡುವುದು? ಹಬ್ಬದ ದೆಸೆಯಿಂದ ಮನೆಯ ಬಕೆಟ್ಟು, ಬಿಂದಿಗೆ, ಕೊಳದಪ್ಪಲೆ ಎಲ್ಲ ಭರ್ತಿ.

ಬಚ್ಚಲಿಗೆ ಇಣುಕಿದೆ. ಕೆಲಸದ ಮುನಿಯಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದ್ದ ತಾಮ್ರದ ಹಂಡೆ ಫಳಫಳ ಹೊಳೆಯುತ್ತಿತ್ತು. ಕೊರಳಿಗೆ ಹಾಗಲಬಳ್ಳಿ, ಹೊಟ್ಟೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಒಳಗೆ ಖಾಲಿ. ಇಡೀ ಗವಿಪುರದಲ್ಲಿ ಇದಕ್ಕಿಂತ ಶುಭ್ರವಾದ ಪಾತ್ರೆಯುಂಟೇ! ಹಿಂದೂ ಮಹಾಸಾಗರವನ್ನು ಅದರೊಳಗೆ ಸುರಿದು ಮುಚ್ಚಳ ಮುಚ್ಚಿದೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಖಾಲಿ ಮಾಡಿ, ನಲ್ಲಿನೀರು ತುಂಬಿದರಾಯಿತು.

ಸಂಜೆ ಮಧುರಾ ಹಂಡೆಯ ಮುಚ್ಚಳ ತೆಗೆದು ನೋಡಿದಳಂತೆ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಗಂಡ ಒಂದೇ ಮಾತಿಗೆ ಕೆಲಸ ಮಾಡಿದ್ದು ಅದೇ ಮೊದಲು! ಹಂಡೆಗೆ ಪೂಜೆ ಮಾಡಿ, ಊಟದಲ್ಲಿ ನನಗೆ ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದಳು. ತೊಟ್ಟಿಯ ಸಾಹಸಕ್ಕೆ ಬಹುಮಾನವೆಂದುಕೊಂಡು ನಾನು ತುಪ್ಪವನ್ನೂ ಕೇಳಿ ಹಾಕಿಸಿಕೊಂಡೆ.

ಎಚ್ಚರವಾದದ್ದು ಸೌದೆಯ ಹೊಗೆಗೆ. ಹಿಂದೆಯೇ ಬಚ್ಚಲಿನಿಂದ ಒಂದು ಆರ್ತನಾದ.

"ಅಳಿಯಂದ್ರೇ!"

ಓಡಿದೆ. ಮಾವನವರು ಪಂಚೆಯುಟ್ಟು, ನೆತ್ತಿಯಿಂದ ಹಿಮ್ಮಡಿಯವರೆಗೆ ಎಳ್ಳೆಣ್ಣೆ ಜಿನುಗಿಸುತ್ತ ನಿಂತಿದ್ದರು. ತಲೆಯ ಮೇಲೆ ಸೀಗೆಪುಡಿ ಕೆಸರಿನಂತೆ ಕೂತಿತ್ತು.

"ಇದೆಂಥ ನೀರು ಅಳಿಯಂದ್ರೆ! ಎಷ್ಟು ಸುರ್ಕೊಂಡ್ರೂ ಜಿಡ್ಡು ಹೋಗ್ತಿಲ್ಲ. ಬಾಯಿಗೆ ಬಿದ್ರೆ ಉಪ್ಪು!"

ಹಂಡೆಗೆ ಬಗ್ಗಿ ನೋಡಿದೆ. ತಳದಲ್ಲಿ ಎರಡು ತಂಬಿಗೆ ನೀರಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಾಲ್ಕು ವರ್ಷದ ನೀರು ರೀ ಅದು! ನೀವೊಬ್ರೇ ಸುರ್ಕೊಂಡ್ಬಿಟ್ರಲ್ಲಾ!"

ಮಾವನವರು ತಂಬಿಗೆ ಹಿಡಿದುಕೊಂಡೇ ಕಣ್ಣು ಕಣ್ಣು ಬಿಟ್ಟರು. "ನಾಲ್ಕು ವರ್ಷದ್ದಾ?"

ಮಧುರಾ ಅಡುಗೆಮನೆಯಿಂದ ಸೌಟಿನ ಸಮೇತ ಬಂದಳು. "ಹಂಡೇಲಿ ಸ್ನಾನದ ನೀರಿರ್ದೆ ಇನ್ನೇನಿರುತ್ತೆ? ಹಬ್ಬದ ದಿನ ಅಪ್ಪನ ಮೇಲೆ ಕೂಗ್ತೀರಲ್ಲ, ನಾಚ್ಕೆ ಆಗಲ್ವ?"

"ಆ ನೀರಿಲ್ದೆ ಜಯ ವಿಜಯ ಬದುಕಲ್ಲ ಕಣೆ!"

ಸೌಟು ಕೆಳಗಿಳಿಯಿತು. ಅವಳ ಕಣ್ಣು ತುಂಬಿತು. "ಅವಕ್ಕೇನಾದ್ರೂ ಆದ್ರೆ ನಾನು ಅಪ್ಪನ ಜತೆ ಕೋಲಾರಕ್ಕೆ ಹೋಗ್ತೀನಿ. ವಾಪಸ್ ಕರೀಲಿಕ್ಕೂ ಬರ್ಬೇಡಿ."

ತಮಾಷೆಗೆ ಅಂದ ಮಾತಾಗಿರಲಿಲ್ಲ ಅದು. ಕೆಂಚಪ್ಪನಿಗೆ ಫೋನ್ ಹಚ್ಚಿ ಕಥೆ ಹೇಳಿದೆ. ಅವನ ಗಂಟಲಿಗೆ ಫೋನಿನ ಅಗತ್ಯವೇ ಇಲ್ಲ, ಇಡೀ ನಡುಮನೆಗೆ ಕೇಳಿಸುತ್ತದೆ.

"ಹಂಡೆ ಅಂದ್ರಾ? ಯಾವ್ದು ಸಾರ್, ತಾಮ್ರದ್ದಾ?"

"ಹೂಂ. ಬಹಳ ಕ್ಲೀನಾಗಿತ್ತು."

"ಅಯ್ಯಯ್ಯೋ! ಆ ನೀರು ತೊಟ್ಟಿಗೆ ಹಾಕಿಲ್ಲ ತಾನೆ?"

"ಹಾಕೋಕೆಲ್ಲಿದೆ? ಮಾವ ಅಷ್ಟೂ ಸುರ್ಕೊಂಡಿದಾರೆ."

"ಬದುಕಿದ್ರಿ ಬಿಡಿ! ಹವಳಕ್ಕೆ ತಾಮ್ರ ಅಂದ್ರೆ ವಿಷ ಸಾರ್. ಉಪ್ಪುನೀರು ರಾತ್ರಿಯೆಲ್ಲಾ ಅದ್ರಲ್ಲಿತ್ತು ಅಂದ್ರೆ ಮುಗೀತು ಕಥೆ. ಹಾಕಿದ್ರೆ ಅನಿಮೋನ್ ಹೋಗಿರೋದು, ಹವಳಾನೂ ಹೋಗಿರೋದು. ಹಳೇ ನೀರಲ್ಲೇನಿದೆ? ಜೀವ ಇರೋದು ಕಲ್ಲಲ್ಲಿ. ಹೊಸ ನೀರು ತಿಳಿಯಾಗಿದ್ರೆ ಕಲ್ಲಿಡಿ, ಮೀನು ನಿಧಾನಕ್ಕೆ ಬಿಡಿ. ಮೊದ್ಲು ನಿಮ್ಮ ಮಾವನ ಕಾಲಿಗೆ ಬೀಳಿ!"

ಫೋನಿಟ್ಟೆ. ಮಧುರಾ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ತಾಮ್ರದಲ್ಲಿ ಉಪ್ಪು, ಹುಳಿ ಇಡಬಾರ್ದು ಅಂತ ಮುನಿಯಮ್ಮಂಗೂ ಗೊತ್ತು. ಮಜ್ಜಿಗೆ ಉಳಿದ್ರೆ ಅವಳೇ ಸ್ಟೀಲ್ ಪಾತ್ರೆಗೆ ಬಗ್ಗಿಸ್ತಾಳೆ. ನೀವು ಕಾಲೇಜಲ್ಲಿ ಏನ್ರೀ ಹೇಳ್ಕೊಡ್ತೀರಾ?"

ತಾಮ್ರದ ಲವಣಗಳ ಬಗ್ಗೆ ವರ್ಷಕ್ಕೆ ಆರು ತರಗತಿ ಹೇಳಿಕೊಡುತ್ತೇನೆ. ಎಣ್ಣೆ, ಉಪ್ಪು, ಸೀಗೆಪುಡಿಯ ಸಮೇತ ನಿಂತಿದ್ದ ಮಾವನವರಿಗೆ ಉದ್ದಂಡ ನಮಸ್ಕಾರ ಹಾಕಿದೆ. "ಏಳಿ ಅಳಿಯಂದ್ರೆ, ಎರಡು ಬಕೆಟ್ ಸಿಹಿನೀರು ಕಾಯ್ಸಿಕೊಡಿ, ಮೈ ಕಡೀತಿದೆ" ಎಂದರು. ಕಾಯಿಸಿದೆ. ಬೆನ್ನನ್ನೂ ಉಜ್ಜಿದೆ.

ಸಂಜೆಯ ಹೊತ್ತಿಗೆ ಹೊಸ ತೊಟ್ಟಿಯಲ್ಲಿ ಅನಿಮೋನ್ ಮೆಲ್ಲಗೆ ಅರಳಿತು. ಜಯ, ವಿಜಯರು ಬಾಗಿಲಿಗೆ ಹಾಜರಾದರು. ಮಧುರಾ ಅವುಗಳೊಡನೆ ಮಾತಿಗಿಳಿದಳು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಚಾಮರಾಜಪೇಟೆಯಿಂದ ವೀರಭದ್ರಯ್ಯ ಎಂಬವರು ಬಂದರು. ಮಾವನವರ ಜತೆ ಅಂಚೆಯಲ್ಲಿದ್ದವರು, ನನ್ನನ್ನು ಕಂಡದ್ದು ಅದೇ ಮೊದಲು. "ಇವ್ರೇನಾ ನಿಮ್ಮ ಅಳಿಯಂದ್ರು? ಏನ್ ಕೆಲ್ಸ?" ಎಂದರು.

ನಾನು ಅಭ್ಯಾಸಬಲದಿಂದ ಎದೆ ಸೆಟೆಸಿದೆ. ಮಾವನವರು ಇನ್ನೂ ಜಿಡ್ಡು ಬಿಡದ ತಲೆಯನ್ನೊಮ್ಮೆ ಸವರಿಕೊಂಡರು. ನನ್ನನ್ನು ನೋಡಿದರು, ಬಚ್ಚಲಿನ ಕಡೆ ನೋಡಿದರು.

"ಕಾಲೇಜಲ್ಲಿ ಹಿಸ್ಟರಿ ಹೇಳ್ಕೊಡ್ತಾರೆ" ಎಂದರು.